ಮೂರನೇ ಲೆವೆಲ್‌ನಲ್ಲಿ ಇಪ್ಪತ್ತು ನಿಮಿಷ

ಈ ಲೈನಿಗೆ ಹೊಸದಾಗಿ ಬರುವವರು ನನ್ನನ್ನು ಕೇಳೋ ಮೊದಲ ಪ್ರಶ್ನೆ, ಯಾವ ಕೋರ್ಸ್ ಮಾಡಬೇಕು ಮೇಡಂ ಅಂತ. ಸಾಹೇಬರನ್ನು ಸಂಭಾಳಿಸುವ ಕೋರ್ಸ್ ಎಲ್ಲಾದರೂ ಇದ್ದರೆ ಮೊದಲು ಅದಕ್ಕೆ ಸೇರಿ ಅಂತೀನಿ. ನಗುತ್ತಾರೆ. ನಗಲಿ ಬಿಡಿ, ನಾನೂ ಆ ವಯಸ್ಸಲ್ಲಿ ನಗುತ್ತಿದ್ದೆ. ಮೆಷಿನ್ ಪಾಪದ್ದು, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತದೆ. ಏನು ಹೇಳಬೇಕು ಅನ್ನೋದನ್ನ ತೀರ್ಮಾನ ಮಾಡೋರು ಬೇರೆ ಇರುತ್ತಾರೆ, ತೊಂದರೆ ಇರೋದು ಅಲ್ಲಿ.

ನಾನು ವಿಜಯಾ. ಮೂವತ್ತು ವರ್ಷ ಸರ್ವರ್ ನೋಡಿಕೊಂಡೆ. ಮೊದಲು ಯಶವಂತಪುರದಲ್ಲಿ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸು, ಕೊನೆಗೆ ಹೆಬ್ಬಾಳದ ಹತ್ತಿರ ರಕ್ತ ಪರೀಕ್ಷೆ ಮಾಡುವ ಒಂದು ದೊಡ್ಡ ಲ್ಯಾಬು. ಹೋದ ವರ್ಷ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮನೆಗೆ ಕಳಿಸಿದರು. ಬುಟ್ಟಿಯಲ್ಲಿ ಮೇಲೆ ಸೇಬು, ಕೆಳಗೆಲ್ಲ ಬಾಡಿದ ಮೂಸಂಬಿ. ನನ್ನ ಬಡ್ತಿಗಳ ಕಥೆ ಬರೆದರೆ ಅರ್ಧ ಪುಟ ಸಾಕು, ಅದರಲ್ಲಿ ಸ್ವಾರಸ್ಯವೂ ಇಲ್ಲ. ನಾನು ಬರೆಯಬೇಕೆಂದಿರೋದು ಸೆಕ್ಯೂರಿಟಿ ಲೆವೆಲ್ ವಿಷಯ, ಮತ್ತು ಅದನ್ನು ಆಯ್ದುಕೊಳ್ಳುವಾಗ ನಾವು ಮಾಡಿದ ಘನಕಾರ್ಯಗಳ ವಿಷಯ.

ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಬಳಸುತ್ತಿದ್ದದ್ದು ಯೂನಿಕ್ಸ್ ಜಾತಿಯ ಮೆಷಿನ್. ಅದರ ಒಳಗಿನ ಮೂಲ ಪ್ರೋಗ್ರಾಂಗೆ ಕರ್ನಲ್ ಅಂತಾರೆ. ಎಷ್ಟು ಬಿಗಿಯಾಗಿರಬೇಕು ಅಂತ ಆ ಕರ್ನಲ್‌ಗೆ ಒಂದು ನಂಬರ್ ಕೊಡಬಹುದು. ಸೊನ್ನೆ ಅಂದರೆ ಸಡಿಲ. ಒಂದು ಅಂದರೆ, ಬೀಗ ಹಾಕಿದ ಫೈಲನ್ನು ಯಾರೂ ತಿದ್ದೋ ಹಾಗಿಲ್ಲ, ಮೆಷಿನ್‌ಗೆ ಯಜಮಾನನಾದ ರೂಟ್ ಬಂದು ಕಾಲು ಹಿಡಿದರೂ ಇಲ್ಲ. ಎರಡು ಅಂದರೆ, ಅದರ ಜೊತೆಗೆ ಮೆಷಿನ್‌ನ ಗಡಿಯಾರವನ್ನು ಹಿಂದಕ್ಕೆ ತಿರುಗಿಸೋ ಹಾಗಿಲ್ಲ. ಮೂರು ಅಂದರೆ, ಹೊರಗಿನಿಂದ ಯಾರು ಬರಬಹುದು, ಒಳಗಿನಿಂದ ಯಾರು ಹೋಗಬಹುದು ಅನ್ನೋ ಫೈರ್‌ವಾಲ್ ನಿಯಮಗಳನ್ನೂ ಮುಟ್ಟೋ ಹಾಗಿಲ್ಲ. ಮುಖ್ಯವಾದದ್ದು ಇದು: ನಂಬರನ್ನು ಏರಿಸಬಹುದು, ಇಳಿಸೋಕೆ ಆಗಲ್ಲ. ಇಳಿಸಲೇಬೇಕು ಅಂದರೆ ಮೆಷಿನ್ ಆರಿಸಿ, ಅದರ ಮುಂದೆ ಖುದ್ದಾಗಿ ಕೂತು ಮತ್ತೆ ಹಚ್ಚಬೇಕು. ಕಳ್ಳನಿಗೆ ಅಡ್ಡಿಯಾಗಲಿ ಅಂತ ಮಾಡಿದ ಏರ್ಪಾಡು, ಒಳ್ಳೇದೇ. ನಮಗೂ ಅಷ್ಟೇ ಅಡ್ಡಿ ಅನ್ನೋದು ಆಮೇಲೆ ಗೊತ್ತಾಗುತ್ತದೆ.

ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನನ್ನ ಮೇಲಿದ್ದ ಸಾಹೇಬರು ಲಾರಿ ಬ್ರೇಕ್‌ನಿಂದ ಹಿಡಿದು ಕಂಪ್ಯೂಟರ್‌ವರೆಗೆ ಎಲ್ಲ ಬಲ್ಲವರು. ಯಾವನೋ ಡ್ರೈವರ್ ಜೊತೆ ಜಗಳ ಆಗಿ, ‘ಲಾಗ್ ಅಳಿಸಿದಾರೆ’ ಅಂತ ಅವರಿಗೆ ಅನುಮಾನ ಬಂತು. ಲಾಗ್ ಅಂದರೆ ಮೆಷಿನ್ ತನ್ನಷ್ಟಕ್ಕೆ ಬರೆದುಕೊಳ್ಳುವ ದಿನಚರಿ, ಯಾರು ಯಾವಾಗ ಏನು ಮಾಡಿದರು ಅಂತ. “ಅಳಿಸೋಕೇ ಆಗಬಾರದು ಕಣಮ್ಮ, ಹಂಗೆ ಮಾಡು” ಅಂದರು. ಮಾಡಿದೆ. ಲಾಗ್ ಫೈಲಿಗೆ ಸೇರಿಸೋಕೆ ಮಾತ್ರ ಬರೋ ಹಾಗೆ ಬೀಗ, ಮೇಲೆ ಲೆವೆಲ್ ಒಂದು. ಬಹಳ ಬೀಗುತ್ತಾ ಮನೆಗೆ ಹೋದೆ.

ನಾನು ಮರೆತಿದ್ದದ್ದು ಒಂದು. ಹಳೇ ಲಾಗನ್ನು ವಾರಕ್ಕೊಮ್ಮೆ ಪಕ್ಕಕ್ಕೆತ್ತಿಟ್ಟು ಹೊಸದು ಶುರು ಮಾಡೋ ಪ್ರೋಗ್ರಾಂ ಒಂದಿತ್ತು. ಬೀಗ ಬಿದ್ದ ಮೇಲೆ ಅದಕ್ಕೂ ಕೈ ಹಾಕೋಕೆ ಆಗಲಿಲ್ಲ. ಲಾಗ್ ಬೆಳೆದಿದ್ದೇ ಬೆಳೆದಿದ್ದು. ಒಂದು ಸೋಮವಾರ ಬೆಳಗ್ಗೆ ಡಿಸ್ಕ್ ಭರ್ತಿಯಾಗಿ ಸರ್ವರ್ ಕೈಯೆತ್ತಿತು. ಗೊರಗುಂಟೆಪಾಳ್ಯದವರೆಗೆ ನಮ್ಮ ಲಾರಿಗಳು ಚೀಟಿಗಾಗಿ ಸಾಲು ನಿಂತಿದ್ದವು. ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ಬಂದರು.

“ಅಳಿಸಮ್ಮ ಅದನ್ನ!”

“ಅಳಿಸೋಕೆ ಆಗಲ್ಲ ಸರ್.”

“ಯಾವನು ಹಂಗೆ ಮಾಡಿದ್ದು?”

“ನೀವು ಹೇಳಿದ್ರಿ ಸರ್, ನಾನು ಮಾಡಿದೆ.”

“ನಾನು ಹೇಳಿದ್ದು ಬೇರೆಯವರು ಅಳಿಸಬಾರದು ಅಂತ. ನಾವು ಅಳಿಸಬಾರದು ಅಂತಲ್ಲ!”

ಈ ಮಾತನ್ನು ಬರೆದಿಟ್ಟುಕೊಳ್ಳಿ. ಮುಂದೆ ನಿಮ್ಮ ಸಾಹೇಬರುಗಳೆಲ್ಲ ಕೇಳುವುದು ಇದನ್ನೇ. ಆವತ್ತು ನಾನು ಮೆಷಿನ್ ಆರಿಸಿ ಹಚ್ಚಿ, ಬೀಗ ತೆಗೆದು, ಜಾಗ ಮಾಡಿಕೊಟ್ಟೆ. ಬೈಗುಳ ತಿಂದೆ. ತಪ್ಪು ನನ್ನದೂ ಇತ್ತು, ಹಾಗಾಗಿ ಅಷ್ಟೇನೂ ಉರಿಯಲಿಲ್ಲ.

ಇನ್ನು ಲ್ಯಾಬಿನ ಕಥೆ. ಅಲ್ಲಿನ ಜನರಲ್ ಮ್ಯಾನೇಜರ್ ದಿವಾಕರ್ ಸರ್. ಇಸ್ತ್ರಿ ಮುರಿಯದ ಷರ್ಟು, ಬಾಯಿ ತುಂಬಾ ‘ಕ್ವಾಲಿಟಿ’. ಯಾವುದೋ ಸರ್ಟಿಫಿಕೇಟ್ ಕೊಡೋ ತಂಡ ಬರ್ತಾ ಇದೆ ಅಂತ ಗೊತ್ತಾದ ಕೂಡಲೇ ನನ್ನನ್ನು ಕರೆಸಿದರು. ಲೆವೆಲ್‌ಗಳನ್ನು ವಿವರಿಸಿದೆ. ನಮಗೆ ಒಂದು ಸಾಕು ಸರ್, ಎರಡಕ್ಕೆ ಹೋದರೆ ಗಡಿಯಾರ ಕಟ್ಟಿಹಾಕುತ್ತದೆ, ಮೂರಕ್ಕೆ ಹೋದರೆ ಫೈರ್‌ವಾಲ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ಸರಿ ಮಾಡೋಕೆ ಮೆಷಿನ್ ಆರಿಸಬೇಕು ಅಂದೆ. ಅವರು ಕಣ್ಣು ಮುಚ್ಚಿಕೊಂಡು ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಕೇಳಿದರು, “ಎಲ್ಲಕ್ಕಿಂತ ಮೇಲಿನದು ಯಾವುದು?”

“ಮೂರು ಸರ್.”

“ನಾಲ್ಕು ಇಲ್ವಾ?”

“ಇಲ್ಲ ಸರ್.”

“ಹಾಗಾದ್ರೆ ಮೂರು ಹಾಕಿ.” ನಾಲ್ಕಿಲ್ಲ ಅನ್ನೋದಕ್ಕೆ ಅವರ ಮುಖದಲ್ಲಿ ನಿಜವಾಗಿ ಬೇಜಾರಿತ್ತು.

ಲಾಗ್ ಫೈಲಿಗೆ ಬೀಗ ಜಡಿದು ಮೂರು ಹಾಕಿದೆ. ಅದು ಬಿಗಿಯಾಗಿ ನಡೆಯುತ್ತಲೂ ಇತ್ತು. ತಂಡ ಬರುವ ದಿನ ಬೆಳಗ್ಗೆ ಕರೆಂಟಿಲ್ಲದಾಗ ಮೆಷಿನ್‌ಗೆ ಟೈಮ್ ನೆನಪಿಡುವ ಬೋರ್ಡಿನ ಪುಟ್ಟ ಬ್ಯಾಟರಿ ಸತ್ತಿತು. ಅದೇ ಹೊತ್ತಿಗೆ ಕರೆಂಟೂ ಹೋಗಬೇಕೇ! ಯುಪಿಎಸ್ ಎರಡು ಸಲ ಕೂಗಿ ಸುಮ್ಮನಾಯಿತು. ಬ್ಯಾಟರಿ ಬದಲಾಯಿಸಿ ಹಚ್ಚಿದರೆ, ಮೆಷಿನ್ ಯಾವುದೋ ಓಬೀರಾಯನ ಕಾಲದ ತಾರೀಖು ತೋರಿಸುತ್ತಿದೆ. ಲೆವೆಲ್ ತಾನಾಗೇ ಏರುವ ಮುಂಚೆ, ಸಡಿಲವಿರುವಾಗಲೇ ಟೈಮ್ ಸರಿ ಮಾಡಬೇಕು. ಬೇರೆ ದಿನವಾದರೆ ಮೊಬೈಲ್ ನೋಡಿ ಟೈಮ್ ಹಾಕುತ್ತಿದ್ದೆ. ಆದರೆ ಸೆಕ್ಯೂರಿಟಿ ಹೆಸರಲ್ಲಿ ದಿವಾಕರ್ ಸರ್ ಅದೇ ವಾರ ಹೊಸ ಕಾನೂನು ತಂದಿದ್ದರು, ಸರ್ವರ್ ರೂಮಿಗೆ ಮೊಬೈಲ್ ತರೋ ಹಾಗಿಲ್ಲ, ಬಾಗಿಲ ಹೊರಗೆ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಬರಬೇಕು. ನಾನು ವಾಚ್ ಕಟ್ಟೋಳಲ್ಲ. ಸರ್ ಬಾಗಿಲಲ್ಲಿ ನಿಂತು, “ಬೇಗ ವಿಜಯಾ, ಅವರ ಕಾರು ಫ್ಲೈಓವರ್ ಇಳೀತಾ ಇದೆಯಂತೆ” ಅಂತ ತಲೆ ತಿನ್ನುತ್ತಿದ್ದರು. ಗಾಜಿನಾಚೆ ಹಾಲ್ ಗೋಡೆ ಮೇಲೆ ದೊಡ್ಡ ಗಡಿಯಾರ ಕಂಡಿತು. ಅದನ್ನು ನೋಡಿ ಟೈಮ್ ಹಾಕಿದೆ. ಲೆವೆಲ್ ಮೂರಕ್ಕೇರಿತು.

ಈಗ ಆ ಗೋಡೆ ಗಡಿಯಾರದ ವಿಷಯ. ಅದು ಇಪ್ಪತ್ತು ನಿಮಿಷ ಮುಂದೆ ಇತ್ತು. ಕೆಟ್ಟು ಹೋಗಿ ಅಲ್ಲ, ಬೇಕೂಂತಲೇ. ಸ್ಟಾಫ್ ಟೈಮಿಗೆ ಸರಿಯಾಗಿ ಬರಲಿ ಅಂತ ದಿವಾಕರ್ ಸರ್ ಮುಂದಿಟ್ಟಿದ್ದರು. ನಿಮ್ಮ ಮನೆಯಲ್ಲೂ ಒಂದು ಇಂಥದ್ದು ಇರುತ್ತದೆ, ಇಲ್ಲ ಅನ್ನಬೇಡಿ. ಎಲ್ಲರಿಗೂ ಮುಂದಿದೆ ಅಂತ ಗೊತ್ತು, ಎಲ್ಲರೂ ಮನಸ್ಸಲ್ಲೇ ಇಪ್ಪತ್ತು ಕಳೆದು ನೋಡುತ್ತಾರೆ, ಲೇಟಾಗಿ ಬರೋರು ಲೇಟಾಗಿಯೇ ಬರುತ್ತಾರೆ. ನಾನೂ ದಿನಾ ಕಳೆಯುತ್ತಿದ್ದೆ. ಆವತ್ತೊಂದು ದಿನ ಕಳೆಯಲಿಲ್ಲ.

ಮಾರನೆಯ ದಿನ ಒಬ್ಬ ಹಿರಿಯರು ಕೌಂಟರ್ ಹತ್ತಿರ ಬಂದು, “ಏನಮ್ಮ, ರಿಪೋರ್ಟಲ್ಲಿ ಹನ್ನೊಂದು ನಲವತ್ತು ಅಂತ ಇದೆ. ಈಗಿನ್ನೂ ಹನ್ನೊಂದೂವರೆ ಆಗಿಲ್ಲವಲ್ಲ” ಅಂದರು. ರಿಸೆಪ್ಷನ್‌ನವಳು ನಗುತ್ತಾ, “ನಮ್ಮ ಸರ್ವೀಸ್ ಅಷ್ಟು ಫಾಸ್ಟ್ ಅಂಕಲ್” ಅಂದಳು. ಅವರೂ ನಕ್ಕು ಹೋದರು. ನಾನು ಮಾತ್ರ ಗೋಡೆ ಗಡಿಯಾರ ನೋಡಿ, ಇಪ್ಪತ್ತು ಕಳೆದು, ನೇರ ಸರ್ವರ್ ರೂಮಿಗೆ ಓಡಿದೆ.

ಟೈಮ್ ಹಿಂದಕ್ಕೆ ತರಲು ನೋಡಿದೆ. ಒಂದು ಸೆಕೆಂಡಿಗಿಂತ ಹಿಂದೆ ಹೋಗಲ್ಲ ಅಂತು, ಲೆವೆಲ್ ಎರಡರ ನಿಯಮ. ಸರಿ, ಇಂಟರ್‌ನೆಟ್‌ನಲ್ಲಿ ಟೈಮ್ ಹೇಳುವ ಸರ್ವರ್‌ಗಳಿವೆ, ಅವನ್ನು ಕೇಳಿಕೊಂಡು ನಿಧಾನಕ್ಕೆ ಸರಿಹೋಗಲಿ ಅಂತ ನೋಡಿದರೆ, ಫೈರ್‌ವಾಲ್ ಅದಕ್ಕೆ ದಾರಿ ಬಿಟ್ಟಿಲ್ಲ. ದಾರಿ ಬಿಡೋ ಒಂದು ಸಾಲು ಹಾಕೋದನ್ನ ಮರೆತವಳು ನಾನೇ. ಈಗ ಹಾಕೋಣ ಅಂದರೆ ಲೆವೆಲ್ ಮೂರು! ಎರಡು ತಪ್ಪನ್ನೂ ನಾನೇ ಮಾಡಿ, ಎರಡಕ್ಕೂ ನಾನೇ ಭದ್ರವಾಗಿ ಚಿಲಕ ಹಾಕಿದ್ದೆ. ಮೂವತ್ತು ವರ್ಷದ ಅನುಭವ ನೋಡಿ!

ದಿವಾಕರ್ ಸರ್ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಹತ್ತೇ ಹತ್ತು ನಿಮಿಷ ಸರ್ವರ್ ಆರಿಸೋಕೆ ಬಿಡಿ ಅಂದೆ.

“ಆರಿಸೋದಾ? ಹುಡುಗಾಟಾನಾ? ತಂಡದವರು ನಮ್ಮ ಬೋರ್ಡ್ ನೋಡಿ ಎಷ್ಟು ಮೆಚ್ಕೊಂಡ್ರು ಗೊತ್ತಾ?”

ಬೋರ್ಡ್ ಅಂದರೆ ರಿಸೆಪ್ಷನ್‌ನಲ್ಲಿ ಕೆಂಪು ದೀಪದ ಅಕ್ಷರಗಳಲ್ಲಿ ‘ನಮ್ಮ ಸರ್ವರ್ ಇಷ್ಟು ದಿನದಿಂದ ನಿಂತಿಲ್ಲ’ ಅಂತ ಹೊಳೆಯುತ್ತಿದ್ದ ನಂಬರ್. ಕರೆಂಟ್ ಹೋಗಿ ನಿಂತಿದ್ದನ್ನು ಅದಕ್ಕೆ ಯಾರೂ ತಿಳಿಸಿರಲಿಲ್ಲ. ಅದು ಸರ್ ಹೇಳಿದ ನಂಬರನ್ನೇ ಎಣಿಸುತ್ತಾ ಹೋಗಿತ್ತು.

“ಹಾಲ್‌ನಲ್ಲಿರೋ ಗಡಿಯಾರಕ್ಕೆ ಸರ್ವರ್ ಟೈಮ್ ಹೊಂದುತ್ತೆ ತಾನೇ?” ಅಂದರು ಸರ್.

“ಹೊಂದುತ್ತೆ ಸರ್.”

“ಮತ್ತೇನ್ರೀ ನಿಮ್ಮ ಪ್ರಾಬ್ಲಂ?”

ಆಗ ನಾನು ಸರ್ವರ್ ಟೈಮ್ ತಪ್ಪಿದೆ ಅಂತ ಒಂದು ಕಾಗದ ಬರೆದು ಕೊಡಬೇಕಿತ್ತು. ಕೊಡಲಿಲ್ಲ. ರಿಟೈರ್ ಆಗೋಕೆ ಏಳು ತಿಂಗಳಿತ್ತು, ಯಾಕೆ ಬೇಕು ಉಸಾಬರಿ ಅಂತ ಸುಮ್ಮನಾದೆ. ನನ್ನ ತಪ್ಪನ್ನು ನಾನೇ ಕಾಗದದ ಮೇಲೆ ಹಾಕಿ ಸೀಲ್ ಒತ್ತಿಸಿಕೊಳ್ಳೋದಾ ಅನ್ನೋ ನಾಚಿಕೆಯೂ ಇತ್ತು. ನಾಚಿಕೆಯೇ ಜಾಸ್ತಿ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ.

ಮೂರು ತಿಂಗಳು ಕಳೆಯಿತು. ಒಂದು ಬುಧವಾರ, ಒಬ್ಬ ಹೆಂಗಸಿನ ರಿಪೋರ್ಟಿನಲ್ಲಿ ಪೊಟ್ಯಾಶಿಯಂ ನಾಲ್ಕು ಚಿಲ್ಲರೆ ಇರಬೇಕಾದದ್ದು ಆರು ಚಿಲ್ಲರೆ ಅಂತ ಬಿತ್ತು. ಅಷ್ಟಿದ್ದರೆ ಹೃದಯಕ್ಕೆ ಅಪಾಯ, ಮನೆಯವರು ಗಾಬರಿಯಾಗಿ ಆಕೆಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ ಸೇರಿಸಿದರು. ಅಲ್ಲಿ ಮತ್ತೆ ಪರೀಕ್ಷೆ ಮಾಡಿದರೆ ಎಲ್ಲ ಸರಿ ಇದೆ. ಪುಣ್ಯಕ್ಕೆ ಆಕೆಗೆ ಏನೂ ಆಗಲಿಲ್ಲ. ಮಾರನೇ ದಿನ ಅವರ ಮನೆಯವರು ಬಂದು ನಮ್ಮ ರಿಸೆಪ್ಷನ್‌ನಲ್ಲಿ ಕೂಗಾಡಿದ್ದು ರಿಂಗ್ ರೋಡಿಗೆ ಕೇಳಿರಬೇಕು.

ಯಾರು ತಪ್ಪು ಹಾಕಿದ್ದು? ಲ್ಯಾಬಿನಲ್ಲಿ ರಿಸಲ್ಟ್ ಹಾಕೋ ಕಂಪ್ಯೂಟರ್ ಒಂದೇ, ಎಲ್ಲರಿಗೂ ಪಾಸ್‌ವರ್ಡ್ ಒಂದೇ, ಅದನ್ನು ಮಾನಿಟರ್ ಕೆಳಗೆ ಚೀಟಿ ಬರೆದು ಅಂಟಿಸಿದ್ದರು. ಲೆವೆಲ್ ಮೂರು ಅಂದೆನಲ್ಲ, ಅದರ ಮುಂದೇನೇ ಈ ಚೀಟಿ! ಹಾಗಾಗಿ ಹೆಸರು ಗೊತ್ತಾಗೋ ಹಾಗಿಲ್ಲ, ಟೈಮ್ ಒಂದೇ ದಾರಿ. ಲಾಗ್ ತೆಗೆಸಿದರು. ಎರಡು ಗಂಟೆ ಹನ್ನೆರಡು ನಿಮಿಷ. ಮಧ್ಯಾಹ್ನದ ಶಿಫ್ಟಿನವರು ಮುನಿರಾಜು. ಬಾಗಿಲಲ್ಲಿ ಹೆಬ್ಬೆಟ್ಟು ಒತ್ತುವ ಹಾಜರಿ ಮೆಷಿನ್‌ನಲ್ಲಿ ಅವರು ಒಳಗೆ ಬಂದದ್ದು ಒಂದು ಐವತ್ತಾರಕ್ಕೆ. ಬಂದು ಹದಿನಾರು ನಿಮಿಷಕ್ಕೆ ತಪ್ಪು ಮಾಡಿದ್ದಾರೆ ಅಂತ ಲೆಕ್ಕ ಹಾಕಿದರು.

ಮುನಿರಾಜು ಹುಣಸಮಾರನಹಳ್ಳಿಯವರು. ನಲವತ್ತು ದಾಟಿತ್ತು. ಅವರ ದಾಯಾದಿಗಳೆಲ್ಲ ಜಮೀನಿನಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಿ ದೊಡ್ಡ ಕಾರಲ್ಲಿ ಓಡಾಡುತ್ತಿದ್ದರೆ, ಇವರು ಹದಿನೆಂಟು ವರ್ಷದಿಂದ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿಕೊಂಡು ಕೂತಿದ್ದರು. “ನಮ್ ಕಡೆ ಎಲ್ಲಾರು ಸೈಟ್ ಅಳತೆ ಮಾಡ್ತಾರೆ ಮೇಡಂ, ನಾನು ಸೆಲ್ ಎಣುಸ್ತೀನಿ” ಅಂತ ನಗುತ್ತಿದ್ದರು. ಆ ಕೆಲಸದ ಮೇಲೆ ಅವರಿಗೆ ಬಹಳ ಹೆಮ್ಮೆ. ಈಗ ಆ ಕೆಲಸವೇ ಹೋಗುವುದರಲ್ಲಿತ್ತು. ತಪ್ಪಾಯಿತು ಅಂತ ಬರೆದುಕೊಟ್ಟು ತಾವಾಗೇ ರಾಜೀನಾಮೆ ಕೊಟ್ಟರೆ ಸರಿ, ಇಲ್ಲದಿದ್ದರೆ ವಜಾ ಮಾಡ್ತೀವಿ, ಆಮೇಲೆ ಬೇರೆ ಯಾವ ಲ್ಯಾಬೂ ಸೇರಿಸಿಕೊಳ್ಳಲ್ಲ ಅಂತ ಎಚ್.ಆರ್. ಮೇಡಂ ಸೋಮವಾರದವರೆಗೆ ಗಡುವು ಕೊಟ್ಟಿದ್ದರು.

ನನಗೆ ಇದೆಲ್ಲ ತಿಳಿದದ್ದು ಸೋಮವಾರ ಬೆಳಗ್ಗೆ. ನಾಲ್ಕು ದಿನ ರಜದಲ್ಲಿದ್ದೆ, ತಂಗಿ ಮನೆಯ ಗೃಹಪ್ರವೇಶ. ದಿವಾಕರ್ ಸರ್ ಕ್ಯಾಬಿನ್‌ಗೆ ಕರೆಸಿದರು. ಮುನಿರಾಜು ನಿಂತಿದ್ದರು, ಎಚ್.ಆರ್. ಮೇಡಂ ಫೈಲ್ ಹಿಡಿದು ಕೂತಿದ್ದರು.

“ವಿಜಯಾ, ಇವರಿಗೆ ಸ್ವಲ್ಪ ಹೇಳಿ. ನಮ್ಮ ಲಾಗನ್ನ ಯಾರಾದ್ರೂ ತಿದ್ದಕ್ಕೆ ಆಗುತ್ತಾ?”

“ಆಗಲ್ಲ ಸರ್.”

“ನೀವು ಮನಸ್ಸು ಮಾಡಿದ್ರೂ?”

“ಆಗಲ್ಲ.”

“ಕೇಳಿಸ್ಕೊಂಡ್ರಾ ಮುನಿರಾಜು? ಲೆವೆಲ್ ಮೂರು! ದೇವರು ಬಂದ್ರೂ ಅದನ್ನ ಬದಲಾಯಿಸಕ್ಕೆ ಆಗಲ್ಲ.”

ಮುನಿರಾಜು ನೆಲ ನೋಡುತ್ತಿದ್ದರು. “ನಾನ್ ಬರೋವತ್ಗೆ ಆ ರಿಪೋರ್ಟ್ ಆಗ್ಲೇ ಓಗಿತ್ತು ಅನ್ನುಸ್ತದೆ ಸಾ. ಆದ್ರೆ ಮಿಷಿನ್ನು ಇಂಗೇಳ್ತಿದ್ರೆ…” ಅಂದು ನಿಲ್ಲಿಸಿದರು. ಕೈಯಲ್ಲಿ ಮಡಚಿದ ಕಾಗದ ಇತ್ತು.

ಎರಡು ಹನ್ನೆರಡರಲ್ಲಿ ಇಪ್ಪತ್ತು ನಿಮಿಷ ಕಳೆಯೋಕೆ ನನಗೆ ಎಷ್ಟು ಹೊತ್ತು ಬೇಕು? ಒಂದು ಐವತ್ತೆರಡು. ಹಾಜರಿ ಮೆಷಿನ್ ಹೊರಗಿನ ಕಂಪನಿಯದು, ಅದರ ಟೈಮ್ ಸರಿ ಇತ್ತು. ಅಂದರೆ ತಪ್ಪು ನಂಬರ್ ಬಿದ್ದಾಗ ಈ ಮನುಷ್ಯ ಕಟ್ಟಡದ ಒಳಗೇ ಇರಲಿಲ್ಲ. ಹೆಲ್ಮೆಟ್ ತೆಗೆಯುತ್ತಿದ್ದರೋ ಏನೋ. ನಾನು ಕುರ್ಚಿ ಎಳೆದು ಕೂತೆ.

“ಸರ್, ಲಾಗನ್ನ ಯಾರೂ ತಿದ್ದಿಲ್ಲ. ಬರೆಯುವಾಗಲೇ ತಪ್ಪು ಬರೆದಿದೆ. ಸರ್ವರ್ ಗಡಿಯಾರ ಇಪ್ಪತ್ತು ನಿಮಿಷ ಮುಂದಿದೆ. ತಪ್ಪು ಟೈಮ್ ಹಾಕಿದ್ದು ನಾನು. ನಿಮಗೂ ಹೇಳಿದ್ದೆ.”

ಎಚ್.ಆರ್. ಮೇಡಂ ತಮ್ಮ ಮೊಬೈಲ್ ನೋಡಿದರು, ದಿವಾಕರ್ ಸರ್ ಅವರ ಟೇಬಲ್ ಮೇಲಿನ ಸರ್ವರ್ ಸ್ಕ್ರೀನ್ ನೋಡಿದರು, ಮತ್ತೆ ಮೊಬೈಲ್ ನೋಡಿದರು. ಕಳೆಯೋದು ಅವರಿಗೂ ಬರುತ್ತಿತ್ತು.

“ಹಾಗಾದ್ರೆ ಒಂದು ಐವತ್ತೆರಡಕ್ಕೆ ಆ ಸೀಟಲ್ಲಿ ಯಾರಿದ್ರು?” ಅಂದರು ಮೇಡಂ.

ಬೆಳಗಿನ ಶಿಫ್ಟ್ ಮುಗಿಯೋದು ಒಂದೂವರೆಗೆ, ಮಧ್ಯಾಹ್ನದ್ದು ಶುರುವಾಗೋದು ಎರಡಕ್ಕೆ. ನಡುವಿನ ಆ ಅರ್ಧ ಗಂಟೆಯಲ್ಲಿ ಬಾಕಿ ರಿಪೋರ್ಟ್‌ಗಳನ್ನು ‘ಕ್ಲಿಯರ್’ ಮಾಡಲು ದಿವಾಕರ್ ಸರ್ ತಾವೇ ಬಂದು ಆ ಕುರ್ಚಿಯಲ್ಲಿ ಕೂರುತ್ತಿದ್ದದ್ದು ಇಡೀ ಲ್ಯಾಬಿಗೆ ಗೊತ್ತು. “ನಾನೇ ಹಾಕ್ತೀನಿ ಬಿಡ್ರೀ, ನಿಮ್ಮನ್ನ ಕಾದ್ರೆ ಆದಂಗೇ” ಅನ್ನೋದು ಅವರ ದಿನದ ಮಂತ್ರ. ಸರ್ ಷರ್ಟಿನ ತೋಳು ಸರಿಮಾಡಿಕೊಂಡು, “ನೋಡಿ, ವ್ಯಕ್ತಿಗಳ ಮೇಲೆ ಹೋಗೋದು ಬೇಡ. ಇದು ಸಿಸ್ಟಂ ಎರರ್” ಅಂದರು. ಮೇಡಂ ಫೈಲ್ ಮುಚ್ಚಿದರು. ಎರಡು ನಿಮಿಷದ ಹಿಂದೆ ಇದೇ ಮಾತು ಯಾಕೆ ಹೊಳೆಯಲಿಲ್ಲವೋ ನಾನು ಕಾಣೆ.

ಸಿಸ್ಟಂಗೆ ಶಿಕ್ಷೆ ಕೊಡೋಕೆ ಆಗಲ್ಲವಲ್ಲ, ನನಗೆ ಮೆಮೊ ಕೊಟ್ಟರು. ಅದು ನ್ಯಾಯವೇ, ತಕರಾರಿಲ್ಲ. ಆ ಭಾನುವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರುವಾಗ ಸರ್ವರ್ ಆರಿಸಿ ಹಚ್ಚಿ, ಟೈಮ್ ಸರಿಮಾಡಿ, ಮರೆತಿದ್ದ ಆ ಒಂದು ಸಾಲನ್ನು ಫೈರ್‌ವಾಲ್‌ಗೆ ಸೇರಿಸಿದೆ. ಲೆವೆಲ್ ಒಂದಕ್ಕೆ ಇಟ್ಟೆ. ಯಾರನ್ನೂ ಕೇಳಲಿಲ್ಲ. ಹನ್ನೊಂದು ನಿಮಿಷ ಹಿಡಿಯಿತು.

ಹೊಸಬರಿಗೆ ನಾನು ಹೇಳೋದು ಇಷ್ಟು. ಲೆವೆಲ್ ಕಾಪಾಡೋದು ಬರೆದದ್ದನ್ನು, ನಿಜವನ್ನಲ್ಲ. ಸುಳ್ಳು ಬರೆದಿಟ್ಟರೆ ಸುಳ್ಳನ್ನೂ ಅಷ್ಟೇ ನಿಯತ್ತಾಗಿ ಕಾಯುತ್ತದೆ. ಈಗ ಎಲ್ಲ ಕ್ಲೌಡ್, ಮೆಷಿನ್ ಎಲ್ಲಿದೆ ಅಂತಲೇ ಯಾರಿಗೂ ಗೊತ್ತಿಲ್ಲ, ಒಂದು ಬಟನ್ ಒತ್ತಿದರೆ ಹಳೇದು ಹೋಗಿ ಹೊಸದು ಬರುತ್ತದೆ. ಒಳ್ಳೇದು. ಆದರೆ ‘ಎಲ್ಲಕ್ಕಿಂತ ಮೇಲಿನದು ಯಾವುದು’ ಅಂತ ಕೇಳುವವರು ಅಲ್ಲೂ ಇದ್ದಾರೆ ಅಂತ ಕೇಳಿದೀನಿ. ಬೀಗ ಹಾಕೋ ಮುಂಚೆ ಒಳಗೆ ಏನಿದೆ ಅಂತ ಒಂದು ಸಲ ನೋಡಿಬಿಡಿ.

ಅದೇ ಸೋಮವಾರ, ಕ್ಯಾಬಿನ್‌ನಿಂದ ಹೊರಗೆ ಬಂದ ಮೇಲೆ, ಮುನಿರಾಜು ಕಾರಿಡಾರ್‌ನಲ್ಲಿ ನಿಂತಿದ್ದರು. ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡೆ, ನಿಜ ಹೇಳಬೇಕಂದರೆ. ಅಷ್ಟು ದಡ್ಡಿ ನಾನು.

“ಮೇಡಂ, ಆ ಗಡಿಯಾರ ತಪ್ಪು ತೋರುಸ್ತದೆ ಅಂತ ನಿಮ್ಗೆ ಯಾವಾಗ್ಲಿಂದ ಗೊತ್ತಿತ್ತು?”

“ಮೂರು ತಿಂಗಳಾಯ್ತು ಮುನಿರಾಜು.”

ಅವರು ಕೈಯಲ್ಲಿದ್ದ ಕಾಗದ ಬಿಡಿಸಿ ತೋರಿಸಿದರು. ‘ನನ್ನ ಅಜಾಗರೂಕತೆಯಿಂದ ತಪ್ಪಾಗಿರುತ್ತದೆ’ ಅಂತ, ಗುಂಡಗಿನ ಅಕ್ಷರ, ಕೆಳಗೆ ಸಹಿ ಆಗಲೇ ಬಿದ್ದಿತ್ತು. “ನಾಕ್ ದಿನ ಯೋಚ್ನೆ ಮಾಡ್ದೆ ಮೇಡಂ. ಕೊನೇಗೆ ನಾನೇ ಮಾಡಿದ್ದು ಅಂತ ನಂಗೇ ನಂಬ್ಕೆ ಬಂದ್ಬುಡ್ತು. ಆ ನಂಬರ್ ಒತ್ತಿದ್ದು ಕಣ್ಮುಂದೆ ಕಾಣ್ತಿತ್ತು. ಎಂಡ್ರುಗೂ ಏಳ್ಬುಟ್ಟೆ, ನಾನೇ ತಪ್ ಮಾಡ್ದೆ ಅಂತ.”

“ಕ್ಷಮಿಸಿ ಮುನಿರಾಜು, ನನ್ನಿಂದ ದೊಡ್ಡ ತಪ್ಪಾಯ್ತು” ಅಂದೆ.

“ಕ್ಷಮೆ ಓಗ್ಲಿ ಬುಡಿ ಮೇಡಂ. ಬರ್ದ್ ಕೊಡಿ. ತಾರೀಕು ಆಕಿ, ಟೇಮು ಆಕಿ, ಸೈನ್ ಆಕಿ.”

ಸರ್ವರ್ ಟೈಮ್ ಇಪ್ಪತ್ತು ನಿಮಿಷ ಮುಂದಿತ್ತು, ಹಾಗೆ ಹಾಕಿದ್ದು ನಾನು ಅಂತ ಅಲ್ಲೇ ಕಿಟಕಿ ಕಟ್ಟೆ ಮೇಲೆ ಇಟ್ಟುಕೊಂಡು ಬರೆದೆ. ಟೈಮ್ ಬರೆಯುವ ಮುಂಚೆ ಅವರ ವಾಚು, ನನ್ನ ಮೊಬೈಲು ಎರಡನ್ನೂ ನೋಡಿದೆ. ಅವರು ಕಾಗದವನ್ನು ಎರಡು ಸಲ ಓದಿದರು, ಒಂದು ಕಡೆ ನನ್ನ ಅಕ್ಷರ ಸರಿಯಾಗಿ ಕಾಣಲ್ಲ ಅಂತ ಮತ್ತೆ ತಿದ್ದಿಸಿದರು. ಆಮೇಲೆ ಕೆಳಗಿನ ಅಂಗಡಿಗೆ ಹೋಗಿ ಜೆರಾಕ್ಸ್ ಮಾಡಿಸಿಕೊಂಡು ಬಂದರು. ಅಸಲನ್ನು ಮಡಚಿ ತಮ್ಮ ಜೇಬಿನಲ್ಲಿಟ್ಟುಕೊಂಡು, ಜೆರಾಕ್ಸನ್ನು ನನ್ನ ಕೈಗೆ ಕೊಟ್ಟರು.